ಮಿನುಗು ಬಣ್ಣ

ಹಲ್ ಪಟ್ಟಣದ ಹೆಸಲ್ ರೋಡಿನಲ್ಲಿ, ಲಾಂಡ್ರಿಯ ಹಿಂದೆ,
ಕಿಟಕಿಯಿಲ್ಲದ ಕೋಣೆ ನಮ್ಮದು.
ಬಾಡಿಗೆ ಅಗ್ಗವೆಂದು ಹಿಡಿದೆವು. ಆಮೇಲೆ ತಿಳಿಯಿತು,
ಹದಿನಾಲ್ಕು ಯಂತ್ರ ಒಟ್ಟಿಗೆ ಗಿರಗುಟ್ಟುವಾಗ
ಇಲ್ಲಿನ ಗೋಡೆಗೆ ಕಿವುಡು.

ಲಿನೆಟ್ ಬಂದಳು ಗುರುವಾರ, ಲ್ಯಾಪ್‌ಟಾಪನ್ನು
ಕೊಳೆಬಟ್ಟೆಯ ಚೀಲದ ತಳದಲ್ಲಿಟ್ಟುಕೊಂಡು.
ಫೋನು? ಬಿಸ್ಕತ್ತಿನ ಡಬ್ಬಿಯೊಳಗೆ, ಮುಚ್ಚಳ ಬಿಗಿದು.
ಡಬ್ಬಿಯನ್ನು ನಂಬಬೇಡ, ಎಂದೆ. ಮುಂದಿನ ಸಲ ಅದನ್ನು
ಮನೆಯಲ್ಲೇ ಬಿಡು, ರೇಡಿಯೊ ಪಕ್ಕದಲ್ಲಿ;
ನೀನು ಅಡುಗೆಮನೆಯಲ್ಲೇ ಇದ್ದೀಯೆಂದು ಸಾಕ್ಷಿ ಹೇಳಲಿ.

"ಅಕ್ಕನಿಗೆ ಮಧ್ಯಾಹ್ನ ಬರೆದದ್ದನ್ನು ರಾತ್ರಿ ಊಟಕ್ಕೆ ಕೂತಾಗ
ನನಗೇ ಒಪ್ಪಿಸುತ್ತಾನೆ," ಎಂದಳು, "ಅಲ್ಪವಿರಾಮ ಸಮೇತ.
ಅಳಿಸಿದ ಸಾಲನ್ನೂ."

ಅಳಿಸಿದ ಸಾಲನ್ನೂ. ಹಾಗಾದರೆ ಕಳ್ಳ ದಾರಿಯಲ್ಲಿಲ್ಲ,
ಬೆರಳ ಬುಡದಲ್ಲೇ ಇದ್ದಾನೆ.

ಹನ್ನೊಂದು ತಿರುಪು ಬಿಚ್ಚಿದೆ. ಕೀಲಿಮಣೆಯಡಿ
ತೊಗರಿಬೇಳೆಯಷ್ಟು ಕರಿ ಚೂರು, ಎರಡು ಕೂದಲೆಳೆ ತಂತಿ.
ಲಿನೆಟ್ ಬಗ್ಗಿ ನೋಡಿದಳು. ಅಳಲಿಲ್ಲ.
"ಬೆಸುಗೆ ಅವನದೇ. ಎಷ್ಟು ದುಂಡಗಿದೆ ನೋಡು.
ಬಾಗಿಲ ಗಂಟೆಗೂ ಹೀಗೇ ಹಾಕಿದ್ದ,
ನಾವು ಆ ಮನೆಗೆ ಹೊಸದಾಗಿ ಬಂದಾಗ."

ಕೀಳಲಿಲ್ಲ. ಕಿತ್ತರೆ ಅವನಿಗೆ ಗೊತ್ತಾಗುತ್ತದೆ.
ಅದಕ್ಕೆ ದಿನವೂ ಒಂದಿಷ್ಟು ಮೇವು ಹಾಕು, ಎಂದೆ:
ಹವಾಮಾನ, ಆಲೂಗಡ್ಡೆಯ ಬೆಲೆ, ಬೆಕ್ಕಿನ ಹೊಟ್ಟೆನೋವು.
ನಿಜ ಬರೆಯಲು ಬೇರೆ ಯಂತ್ರ, ಹಳೆಯದು, ನಮ್ಮ ಬೀರುವಿನದು.
ಅದರ ಪ್ರತಿ ತಿರುಪಿನ ತಲೆಗೂ ಮಿನುಗು ನೇಲ್ ಪಾಲಿಶ್ ಹಚ್ಚಿ
ಒಣಗಿದ ಮೇಲೆ ಫೋಟೊ ತೆಗೆದು ಕಾಗದಕ್ಕಿಳಿಸಿದೆವು.
ಯಾರು ಬಿಚ್ಚಿ ಮತ್ತೆ ಹಚ್ಚಿದರೂ
ಆ ಚುಕ್ಕಿಗಳು ಹಾಗೇ ಕೂರುವುದಿಲ್ಲ.

ನನ್ನಜ್ಜಿ ಸಾಸಿವೆ ಡಬ್ಬಿಯಲ್ಲಿ ರೊಕ್ಕ ಹೂತು
ಮೇಲೆ ಕಿರುಬೆರಳಿನಿಂದ ಒಂದು ಗೆರೆ ಎಳೆಯುತ್ತಿದ್ದಳು.
ಗೆರೆ ಕೆಟ್ಟ ದಿನ ಯಾರಿಗೂ ಏನೂ ಅನ್ನದೆ
ಡಬ್ಬಿ ಬದಲಿಸುತ್ತಿದ್ದಳು.

ಗುಪ್ತಪದಕ್ಕೆ ದಾಳ ಉರುಳಿಸಿದೆವು, ಆರು ಪದ ಬಿತ್ತು.
ಏಳನೆಯದು ನಿನ್ನ ಭಾಷೆಯದು ಕೊಡು, ಎಂದಳು.
ಚಿಕ್ಕಂದಿನಲ್ಲಿ ದೊಡ್ಡವರಿಗೆ ತಿಳಿಯದಂತೆ
ಅಕ್ಷರಕ್ಕೊಂದು 'ಕ' ಸೇರಿಸಿ ಆಡುತ್ತಿದ್ದೆವಲ್ಲ,
ಆ ಕ-ಭಾಷೆಯಲ್ಲೊಂದು ಕೊಟ್ಟೆ. ಮೂರು ಸಲ ಹೇಳಿ ನಕ್ಕಳು.
ಯಾವುದೆಂದು ಇಲ್ಲಿ ಬರೆಯಲಾರೆ.

ಈಗ ಪ್ರತಿ ಗುರುವಾರ ಕನ್ನಡಕ ಮೂಗಿಗೇರಿಸಿ
ಫೋಟೊ ಪಕ್ಕ ಹಿಡಿದು ಚುಕ್ಕಿಗೆ ಚುಕ್ಕಿ ತಾಳೆ ನೋಡುತ್ತಾಳೆ.
ಎಲ್ಲ ಕೂಡಿದರೆ ಕೂರುತ್ತಾಳೆ.
ನಾನು ಬೆನ್ನು ಮಾಡಿ ನಿಂತು
ಯಾರದೋ ಬೆಚ್ಚಗಿನ ಹೊದಿಕೆ ಮಡಚುತ್ತೇನೆ;
ಕೀಲಿಗಳ ಸದ್ದು ನನಗೂ ಕೇಳದಿರಲೆಂದು
ಇನ್ನೊಂದು ಡ್ರೈಯರಿಗೆ ನಾಣ್ಯ ಹಾಕುತ್ತೇನೆ.