ಏಳು ಮುಕ್ಕಾಲು

ಉಕೆರೆವೆ ದ್ವೀಪದ ಶಾಲೆಯಲ್ಲಿ ಎರಡು ಬೆಂಚು ಜೋಡಿಸಿ
ಮಂಚ ಮಾಡಿಕೊಂಡಿದ್ದೇನೆ. ಜನರೇಟರು ಕೆಮ್ಮುತ್ತಿದೆ.
ಮರಳ ಮೇಲೆ ಒಣಗಲು ಹರವಿದ ದಗಾ ಮೀನಿನ ವಾಸನೆ
ತೆರೆಯ ಬೂದುಬಣ್ಣಕ್ಕೂ ಅಂಟಿದೆ.

ಅಂಗಿ ಎತ್ತು. ತಣ್ಣಗಿರುತ್ತೆ, ಹೆದರಬೇಡ.
ಎಡಪಕ್ಕೆಗೆ ಜೆಲ್ ಬಿದ್ದೊಡನೆ ನ್ಯಾಂಗೆಟಾ ನಕ್ಕಳು;
ಅವಳು ನಕ್ಕರೆ ಗುಲ್ಮವೂ
ಪಕ್ಕೆಲುಬಿನ ನೆರಳಿಂದ ಇಣುಕಿ ಸರಿಯಿತು.
ಉಸಿರು ಹಿಡಿ, ಮಗಳೇ.
ತುದಿಗೊಂದು ಚುಕ್ಕಿ, ತುದಿಗೊಂದು ಚುಕ್ಕಿ:
ಹನ್ನೊಂದೂವರೆ ಸೆಂಟಿಮೀಟರ್.
ತಮ್ಮನದು ಹನ್ನೆರಡು. ತಮ್ಮನ ಗೆಳೆಯನದು ಹದಿಮೂರು.

ನನಗೆ ಕೆಲಸ ಕಲಿಸಿದ ಮುದುಕ ಮಗೆಸಾ
ಬೆರಳಲ್ಲೇ ಅಳೆಯುತ್ತಿದ್ದ: ಒಂದು ಬೆರಳು, ಎರಡು ಬೆರಳು, ಅಂಗೈ.
'ಇಲ್ಲಿಯ ಮಕ್ಕಳಿಗೆ ಇದೂ ಒಂದು ಪಾಟೀಚೀಲ,
ಒಳಗೇ ಹೊತ್ತು ಬರುತ್ತವೆ' ಅನ್ನುತ್ತಿದ್ದ.

ಗೋಡೆಗೆ ಅಂಟಿಸಿದ ಕೋಷ್ಟಕ ಚಳಿದೇಶದ್ದು.
ಇಷ್ಟೆತ್ತರದ ಮಗುವಿಗೆ ಇಷ್ಟುದ್ದ.
ನಮ್ಮ ಮಕ್ಕಳದೇ ಸಹಜ ಅಳತೆ ಬೇಕು ಎಂದರು ಮ್ವಾನ್ಜಾದವರು;
ಅದಕ್ಕೇ ಈ ದೋಣಿ, ಈ ಯಂತ್ರ.
ಷರತ್ತು ಎರಡು: ಮಲೇರಿಯಾ ಸೋಕಿರಬಾರದು,
ಸರೋವರದ ಹುಳ ಹೊಟ್ಟೆ ಸೇರಿರಬಾರದು.
ನೀರಿಗಿಳಿಯದ ಮಗು ಇದ್ದರೆ ಕೊಡಿ.

ಮೇಷ್ಟ್ರು ಬಿದ್ದುಬಿದ್ದು ನಕ್ಕರು:
'ಮೀನಿಗೆ ಕೊಡೆ ಹುಡುಕಿದ ಹಾಗಾಯಿತಲ್ಲಮ್ಮ!'
ಆಮೇಲೆ ನಗು ನಿಂತು
ಹಿಂದಿನ ಬೆಂಚಿನತ್ತ ತಿರುಗಿದರು.

ಮಸಾತು. ಒಂಬತ್ತು ವರ್ಷ.
ದಂಡೆಯಿಂದ ಹತ್ತು ಮಾರು ದೂರವೇ ನಡೆಯುವವನು.
ಹುಡುಗರು ಇಟ್ಟ ಹೆಸರು ಒಣಗಾಲ.
ರಕ್ತ ಚೊಕ್ಕಟ, ಮಲ ಚೊಕ್ಕಟ.
ಬಿಡಿಸಿದ ಕಿತ್ತಳೆತೊಳೆಯ ಹಾಗೆ ಪಕ್ಕೆಲುಬಿನಡಿ
ಅಚ್ಚುಕಟ್ಟಾಗಿ ಮಲಗಿದೆ ಗುಲ್ಮ.
ಏಳು ಮುಕ್ಕಾಲು.

ಸೊಳ್ಳೆಪರದೆಯಲ್ಲಿ ಮಲಗುತ್ತೀಯಾ?
'ಹೂಂ. ನಮ್ಮನೆಯಲ್ಲಿ ಪರದೆ ಹಾಸಿಗೆಯ ಮೇಲೇ ಇದೆ.'
ಬೇರೆ ಮನೆಗಳಲ್ಲಿ?
'ದೋಣಿಗೆ ಹೋಗುತ್ತೆ. ದಗಾ ಹಿಡಿಯೋಕೆ.'
ಹೊಟ್ಟೆ ಒರೆಸಿಕೊಳ್ಳುತ್ತಾ,
ನಿನ್ನೆಯ ಊಟ ಏನೆಂದು ಹೇಳಿದಷ್ಟೇ ಸಲೀಸಾಗಿ:
'ಅಪ್ಪ ಸಿಗಲಿಲ್ಲ. ದೋಣಿ ಸಿಕ್ಕಿತು, ಮಗುಚಿಕೊಂಡಿತ್ತು.
ಅಮ್ಮ ಮಾರಿದಳು.'

ಸಹಜ ಎಂಬ ಅಂಕಣದಲ್ಲಿ
ಇವತ್ತು ಬರೆದದ್ದು ಒಂದೇ ಅಂಕಿ.
ಅದರ ಪಕ್ಕ ಕಾರಣ ಬರೆಯುವಷ್ಟು
ಜಾಗ ಬಿಟ್ಟಿಲ್ಲ ಹಾಳೆ ಮಾಡಿದವರು.

ಹೊರಗೆ ಹನ್ನೊಂದೂವರೆ, ಹನ್ನೆರಡು, ಹದಿಮೂರು
ಅಂಗಿ ಕಳಚಿ ನೀರಿಗೆ ಧುಮುಕಿವೆ.
ಕೇಕೆ ಕಿಟಕಿ ದಾಟಿ ಬರುತ್ತಿದೆ.
ಮಸಾತು ಇನ್ನೂ ಹೋಗಿಲ್ಲ. ಹಾಳೆಯತ್ತ ಕತ್ತು ಚಾಚಿ,
ಪರೀಕ್ಷೆಯ ಅಂಕ ನೋಡುವವನಂತೆ, ಮೆಲ್ಲಗೆ:
'ಅಕ್ಕಾ, ನಂದೇ ಎಲ್ಲರಿಗಿಂತ ಕಮ್ಮಿ ಬಂತಾ?'