ಸೋರೆ

ಮಲ್ಪೆಯ ಶೆಡ್ಡಿನಿಂದ ಬಂದು ಕೈ ತೊಳೆಯುತ್ತಿದ್ದೆ.
ಎರಡು ಸಲ ಸೋಪು, ಒಂದು ಸಲ ಲಿಂಬೆಸಿಪ್ಪೆ.
ಆದರೂ ಸಿಗಡಿಯ ವಾಸನೆ ಬಿಡುವುದು ಆದಿತ್ಯವಾರವೇ.
ಒಳಗೆ ನಿಶಾಂತ ಇಂಗ್ಲಿಷ್ ಓದುತ್ತಿದ್ದ,
ಒಂದೊಂದೇ ಅಕ್ಷರ ಕೂಡಿಸಿ: ಎಸ್, ಓ, ಆರ್, ಇ.
ಸೋರೆ.

ಸೋರೆಯಾ? ನಿಮ್ಮ ಪಾಠದಲ್ಲಿ ತರಕಾರಿ ಬಂತಾ?
ತರಕಾರಿ ಅಲ್ಲಮ್ಮ, ನೋವು. ಸೋರ್ ಅನ್ನಬೇಕಂತೆ,
ನಾನೇ ತಪ್ಪು ಓದಿದ್ದು.
ಇ ಅಲ್ಲಿ ಸುಮ್ಮನೆ ಕೂತಿರುತ್ತದೆ, ಬಾಯಿ ಬಿಡುವುದಿಲ್ಲ.

ನಮ್ಮಲ್ಲೂ ಇದ್ದಾಳೆ ಅಂಥವಳು, ಕೊನೆಯ ಮೇಜಿನ ಕುಸುಮ.

ಗಂಟಲಿಗೆ ಹೇಳಬಹುದಂತೆ ಸೋರ್ ಎಂದು.
ಸರಿ. ಬಂದರಿನಲ್ಲಿ ಬೆಳಗಿನ ಏಲಂ ಕೂಗಿ ಬಂದ
ಇವರ ಗಂಟಲು ಮಧ್ಯಾಹ್ನ ಗಂಜಿಯನ್ನೂ ಒಪ್ಪುವುದಿಲ್ಲ.
ಸಿಟ್ಟಿಗೂ ಹೇಳಬಹುದಂತೆ.
ಹಾಗಾದರೆ ನಮ್ಮ ಅತ್ತಿಗೆ ಮೂರು ವರ್ಷದಿಂದ ಸೋರ್,
ಪಾಲು ಹಾಕುವಾಗ ಎರಡು ಬಂಗುಡೆ ಕಮ್ಮಿ ಬಿತ್ತೆಂದು.
ಮುಟ್ಟಬಾರದ ಮಾತೊಂದು ಮನೆಯಲ್ಲಿದ್ದರೆ
ಅದಕ್ಕೂ ಇದೇ ಶಬ್ದವಂತೆ.
ನಮ್ಮದು ಯಾವುದು ಎಂದು ಅವನು ಕೇಳಲಿಲ್ಲ.
ನಾನು ಬಕೆಟು ಚೆಲ್ಲಲು ಹೊರಗೆ ಹೋದೆ.

ನೊಂದ ಕಣ್ಣಿಗೆ ಕಂಡು ಹಿತವಾಗುವ ಸಂಗತಿ, ಅದೂ ಇದೆಯಂತೆ.
ಗಾಳಿ ಎದ್ದ ರಾತ್ರಿ ಕೊನೆಯ ಬೋಟಿನ ದೀಪ
ಅಳಿವೆಯ ಬಾಯಲ್ಲಿ ಕಂಡ ಹಾಗೆ. ಅದನ್ನು ಬರಿ, ಎಂದೆ.
ಪುಸ್ತಕದಲ್ಲಿ ಇದ್ದದ್ದೇ ಬರೆಯಬೇಕು, ಎಂದ.
ಬರೆದ: ನನ್ನ ಕಾಲು ನೋಯುತ್ತಿದೆ.
ಕಾಲಿಗೇನೂ ಆಗಿರಲಿಲ್ಲ. ಊಟವಾದ ಮೇಲೆ
ಅಂಗಳದಲ್ಲಿ ಮೂರು ಓವರು ಬೌಲಿಂಗ್ ಮಾಡಿದ.

ಇಷ್ಟೆಲ್ಲ ಕೆಲಸ ಒಂದೇ ಶಬ್ದ ಹೇಗೆ ಮಾಡುತ್ತದೆ, ಪಾಪ.
ಸಿಗಡಿಯ ಮೂತಿಮುಳ್ಳು ಹೊಕ್ಕರೆ ಚುರುಕ್ಕೆನ್ನುತ್ತದೆ,
ಐಸಿನಲ್ಲಿ ಜೋಮು ಹಿಡಿದು ಏನೂ ಅನ್ನುವುದಿಲ್ಲ,
ರಾತ್ರಿ ದೀಪ ಆರಿಸಿದ ಮೇಲೆ ಬೆರಳ ಗೆಣ್ಣುಗಳು
ಒಂದರ ನಂತರ ಒಂದು ಸಿಡಿಯತೊಡಗುತ್ತವೆ.
ಅತ್ತೆ ಎಲ್ಲಕ್ಕೂ ಬೇನೆ ಎನ್ನುತ್ತಾರೆ, ತೆಂಗಿನೆಣ್ಣೆ ಕೊಡುತ್ತಾರೆ.

ನನಗೆ ಮಾತ್ರ ಸೋರ್ ಎಂದರೆ ಸೋರುವುದೇ.
ಹೆದ್ದಾರಿಯಲ್ಲಿ ಮೀನಿನ ಲಾರಿ ನೀರು ಸುರಿಸುತ್ತ ಹೋಗುತ್ತದೆ,
ಹಿಂದಿನ ಬೈಕಿನವ ಬೈಯುತ್ತಾನೆ.
ಒಳಗೆ ಐಸು ಕರಗುತ್ತಿದೆ ಎಂದು
ಹೊರಗಿನವರಿಗೆ ತಿಳಿಯುವುದು ಹಾಗೆ.

ಮರುದಿನ ಶೆಡ್ಡಿಗೆ ತಪಾಸಣೆಯವರು ಬಂದರು.
ಸೂಪರ್‌ವೈಸರ್ ಕೇಳಿದ: ಯಾರ ಕೈಯಲ್ಲಾದರೂ ಗಾಯ ಉಂಟಾ?
ಇದ್ದವರು ಮನೆಗೆ ಹೋಗಬಹುದು. ಹೋದರೆ
ಆ ದಿನದ ಸಂಬಳ ಇಲ್ಲ.
ಮೂವತ್ತೆರಡು ಜೊತೆ ಗ್ಲೌಸು ಮೇಜಿನ ಮೇಲೆ
ಅಲ್ಲಾಡದೆ ಇದ್ದವು.
ನಾನು ಕೊನೆಯ ಮೇಜಿನ ಕಡೆ ನೋಡಿದೆ.
ಕುಸುಮ ನನ್ನನ್ನು ನೋಡಿದಳು.

ಅಷ್ಟು ಹೊತ್ತು ನಾವೆಲ್ಲ ಇ.