ಟೇಪು ಮುಗಿದ ಜಾಗ

ನ್ಯಾಷನಲ್ ಮಾರ್ಕೆಟ್ಟಿನ ಇಮ್ದಾದ್
ಆ ನಾಲ್ವರು ಅಮೆರಿಕದವರನ್ನು
ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತುಂಬಿಕೊಟ್ಟಿದ್ದ,
ಬ್ಯಾಂಡಿನ ಹೆಸರು ತನಗೆ ಕೇಳಿಸಿದ ಹಾಗೆ
ಉರ್ದುವಿನಲ್ಲಿ ಗೀಚಿ.

ಎರಡನೇ ಬದಿಯ ಕಟ್ಟಕಡೆಯ ಹಾಡು
'ನಿನ್ನ ಮನೆಯ ದೀಪ...' ಅನ್ನುವಷ್ಟರಲ್ಲಿ
ಟಕ್ಕೆಂದು ಟೇಪು ಖಾಲಿ.
ಆರಿತೋ? ಉರಿಯಿತೋ?
ಕಾಕ್ಸ್ ಟೌನಿನ ಮಹಡಿ ರೂಮಿನಲ್ಲಿ
ನಾನೂ ಡೆಸ್ಮಂಡೂ ಇದಕ್ಕಾಗಿ
ಒಂದಿಡೀ ಬೇಸಿಗೆ ಮಾತು ಬಿಟ್ಟಿದ್ದೆವು.

ಆಮೇಲೆ ಅವರ ಸುದ್ದಿ
ಚರ್ಚ್ ಸ್ಟ್ರೀಟಿನ ರದ್ದಿ ಪತ್ರಿಕೆಗಳಲ್ಲಿ:
ಡ್ರಮ್ಮಿನವನು ಬಿಟ್ಟ. ದೊಡ್ಡ ಕಂಪನಿ
ಸಹಿ ಹಾಕಿಸಿಕೊಂಡಿತು, ಕೈಬಿಟ್ಟಿತು.
ಬ್ಯಾಂಡು ಮುರಿಯಿತು.
ಅವತ್ತು ಡೆಸ್ಮಂಡ್ ಊಟ ಮಾಡಲಿಲ್ಲ.
ಮುರಿದು ಆಗಲೇ ಹದಿನಾಲ್ಕು ತಿಂಗಳು.

ಮೊನ್ನೆ ಅರಮನೆ ಮೈದಾನಕ್ಕೆ ಬಂದಿದ್ದರು,
ಇಬ್ಬರು ಹಳಬರು, ಇಬ್ಬರು ಬಾಡಿಗೆಯವರು.
ತಾನೇ ಬರೆದ ಹಾಡು ನೋಡಿಕೊಳ್ಳಲು
ಗಾಯಕ ಕನ್ನಡಕ ತೆಗೆದ ಜೇಬಿನಿಂದ.
ಜನರೇಟರಿನ ಡೀಸೆಲ್ ಹೊಗೆ,
ಕೆಸರು, ನಮ್ಮ ಮಂಡಿನೋವು.

ಡೆಸ್ಮಂಡ್ ಬಿಯರಿನ ಸಾಲಿನಲ್ಲಿದ್ದಾಗ
ಆ ಸಾಲು ಬಂತು.
ಬಂತು, ದಾಟಿತು, ಮುಂದೆ ಹೋಯಿತು,
ಮೂವತ್ತು ವರ್ಷದಲ್ಲಿ ಮೊದಲ ಸಲ.

ಎರಡು ಗ್ಲಾಸು ಚೆಲ್ಲಿಕೊಂಡು ಓಡಿಬಂದ.
'ಏನಂದ? ದೀಪ ಏನಾಯ್ತಂತೆ?'

'ಟೇಪು ಮುಗೀತು' ಅಂದೆ.